ದಿನಕ್ಕೊಂದು ಸಾಲು ಮುಂದೆ

ವಿದ್ಯಾರ್ಥಿನಿಯರ ಹಾಸ್ಟೆಲು, ಅಡಿಲೇಡ್
ಬುಧವಾರ, 3 ಆಗಸ್ಟ್ 1988

ಪ್ರೀತಿಯ ಅಜ್ಜಿ,

ಬೆಳಿಗ್ಗೆ ನಿಮ್ಮನ್ನು ಬಸ್ಸು ಹತ್ತಿಸಲು ಬಂದವಳು ಕಂಬದ ಹಿಂದೆ ಮಾಯವಾದೆನಲ್ಲ, ಹೊಟ್ಟೆನೋವು ಎಂದದ್ದು ಸುಳ್ಳು. ನಿಮ್ಮ ಪೆಟ್ಟಿಗೆಯನ್ನು ಬಸ್ಸಿನ ಅಡಿಗೆ ತುರುಕುತ್ತಿದ್ದ ಗಡ್ಡದ ಡ್ರೈವರನ್ನು ನೋಡಿದಿರಲ್ಲ, ಎಲ್ಲರೂ ಸ್ಟೀವ್ ಎಂದು ಕರೆಯುವವರು, ಅವರು ನನ್ನ ಅಪ್ಪ.

ಅಪ್ಪ ಈ ತಿಂಗಳು ಡಾರ್ವಿನ್ ದಾರಿಯಲ್ಲಿ ಇರಬೇಕಿತ್ತು. ಆ ಧೈರ್ಯದ ಮೇಲೆಯೇ ನಾನು ನಿಮಗೆ ಈ ಟೂರಿನಲ್ಲಿ ಸೀಟು ಮಾಡಿಸಿದ್ದು. ಯಾರಿಗೋ ಜ್ವರವಂತೆ, ಪಾಳಿ ಬದಲಾಗಿದೆ. ಇವತ್ತು ಮೂರು ತರಗತಿಯಲ್ಲಿ ಕೂತಿದ್ದೆ, ಒಂದು ಪದವೂ ತಲೆಗೆ ಹೋಗಲಿಲ್ಲ.

ಅವರಿಗೆ ನಿಮ್ಮ ಗುರುತು ಸಿಕ್ಕಿರಲಾರದು. ಅಮ್ಮನ ಹತ್ತಿರ ಇದ್ದ ಒಂದೇ ಫೋಟೋದಲ್ಲಿ ಟೋಪಿ ನಿಮ್ಮ ಅರ್ಧ ಮುಖ ನುಂಗಿದೆ. ಪಿಕರ್ಸ್‌ಗಿಲ್ ಎಂಬ, ಅಮ್ಮ ಹೋದ ಮೇಲಿನ ನಿಮ್ಮ ಎರಡನೇ ಮದುವೆಯ ಹೆಸರೂ ಅವರಿಗೆ ಗೊತ್ತಿಲ್ಲ. ನೀವು ಬಂದಿರುವುದಾಗಲಿ, ನನ್ನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಅಲ್ಲೇ ಓದಿಸುವ ಯೋಚನೆಯಾಗಲಿ, ಯಾವುದನ್ನೂ ನಾನು ಅವರಿಗೆ ಹೇಳಿಲ್ಲ. ಹೇಳುತ್ತೇನೆ. ನೀವು ವಾಪಸು ಬಂದ ಮೇಲೆ ನಾನೇ ಹೇಳುತ್ತೇನೆ.

ಅಲ್ಲಿಯವರೆಗೆ ನೀವು ಬರಿಯ ಪ್ರವಾಸಿಯಾಗಿರಿ. ಕೂಬರ್ ಪೀಡಿಯಲ್ಲಿ ಅಮ್ಮನ ಸಮಾಧಿ ನೋಡಿ, ಉಲುರು ಬಂಡೆ ನೋಡಿ, ಬನ್ನಿ. ಅಮ್ಮ ಹೋದಂದಿನಿಂದ ನೀವಿಬ್ಬರೂ ಮಾತಾಡಿಲ್ಲ. ಆ ಮಾತು ಬಸ್ಸಿನಲ್ಲಿ, ಊರವರೆಲ್ಲರ ಎದುರು, ಜಗಳದಿಂದ ಶುರುವಾಗುವುದು ಬೇಡ. ನನಗೆ ಇರುವುದು ನೀವಿಬ್ಬರೇ. ಒಬ್ಬರನ್ನು ಉಳಿಸಿಕೊಳ್ಳಲು ಇನ್ನೊಬ್ಬರನ್ನು ಬಿಡಬೇಕಾಗಿ ಬಂದರೆ ಏನು ಮಾಡುವುದೋ ನನಗೆ ತಿಳಿಯುವುದಿಲ್ಲ.

ಇದನ್ನು ರಾತ್ರಿಯ ಎಕ್ಸ್‌ಪ್ರೆಸ್ ಬಸ್ಸಿಗೆ ಕೊಡುತ್ತಿದ್ದೇನೆ. ಕೂಬರ್ ಪೀಡಿಯ ಹೋಟೆಲಿನಲ್ಲಿ ನಿಮಗೆ ಸಿಗುತ್ತದೆ.

ನಿಮ್ಮ
ನೇದಾ


ಗ್ಲೆಂಡಾಂಬೊ, ಪೆಟ್ರೋಲ್ ಬಂಕಿನ ಊಟದ ಮೇಜು
ಗುರುವಾರ, 4 ಆಗಸ್ಟ್ 1988

ಪ್ರೀತಿಯ ನೇದಾ,

ಅಜ್ಜಿಯನ್ನು ಬಸ್ಸು ಹತ್ತಿಸಲು ಬಂದು ಕೈ ಬೀಸದೆ ಓಡಿಹೋದ ಹುಡುಗಿಗೆ ನಾನು ಬರೆಯಬಾರದಿತ್ತು. ಶುಂಠಿ ಬಿಸ್ಕತ್ತು ತಿನ್ನು, ಹೊಟ್ಟೆಗೆ ಒಳ್ಳೆಯದು.

ನಿಮ್ಮ ದೇಶದಲ್ಲಿ ಏನೂ ಇಲ್ಲ ಎಂದು ಇಂಗ್ಲೆಂಡಿನಲ್ಲಿ ಹೇಳುತ್ತಾರೆ. ಬೆಳಗಿನಿಂದ ಕಿಟಕಿಯ ಹೊರಗೆ ನೋಡುತ್ತಿದ್ದೇನೆ, ಆ ಮಾತು ನಿಜ. ಆದರೆ ಏನೂ ಇಲ್ಲದಿರುವುದರಲ್ಲೂ ಇಷ್ಟೊಂದು ಬಗೆ ಇದೆಯೆಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಉಪ್ಪಿನ ಬಿಳುಪು, ಆಮೇಲೆ ಬೂದು ಪೊದೆ, ಈಗ ಇಟ್ಟಿಗೆ ಪುಡಿಯಂಥ ಕೆಂಪು.

ಈ ಬಸ್ಸಿನಲ್ಲಿ ಒಂದು ನಿಯಮವಿದೆ. ಯಾರೂ ಎರಡು ದಿನ ಒಂದೇ ಸೀಟಿನಲ್ಲಿ ಕೂರುವ ಹಾಗಿಲ್ಲ. ಪ್ರತಿ ಬೆಳಿಗ್ಗೆ ಎಲ್ಲರೂ ಒಂದು ಸಾಲು ಮುಂದೆ ಜರುಗಬೇಕು, ಮೊದಲ ಸಾಲಿನವರು ಕಟ್ಟಕಡೆಗೆ ಹೋಗಬೇಕು. ಎಲ್ಲರಿಗೂ ಒಂದು ದಿನ ಮುಂದಿನ ಗಾಜು ಸಿಗಲಿ ಎಂದು. ನಾನು ನಿನ್ನೆ ತೀರ ಹಿಂದೆ ಇದ್ದೆ. ನನ್ನ ಮುಂದಿನ ಸಾಲಿನಲ್ಲಿ ಡಲ್ಸಿ, ಮರ್ವ್ ಎಂಬ ಗಂಡ ಹೆಂಡತಿ ಇದ್ದಾರೆ, ಗೋಧಿ ಬೆಳೆದು ಬೆಳೆದು ಸಾಕಾಗಿ ಜಮೀನು ಮಗಳಿಗೆ ಬಿಟ್ಟು ಹೊರಟವರು. ಡಲ್ಸಿ ಈ ಟೂರಿಗೆ ಬರುತ್ತಿರುವುದು ಎರಡನೇ ಸಲವಂತೆ. ಮರ್ವ್ ಇವತ್ತು ಬೆಳಿಗ್ಗೆ ಏಳಲಾರೆ ಎಂದು ಕೂತುಬಿಟ್ಟ.

"ನಿನ್ನೆ ತಾನೆ ಈ ಸೀಟು ಬೆಚ್ಚಗೆ ಮಾಡ್ಕೊಂಡಿದ್ದೀನಿ ಸ್ಟೀವ್. ಏಳು ಅಂದ್ರೆ ಹೆಂಗೆ?"

"ಬೆಚ್ಚಗಾಗಿದ್ಯಲ್ಲ, ಹಿಂದಿನೋರಿಗೆ ಬಿಟ್ಕೊಡಿ. ಅವರೂ ಸ್ವಲ್ಪ ಸುಖ ಪಡ್ಲಿ," ಎಂದ ಡ್ರೈವರು.

"ಅವರಿಗೆ ಏನ್ ಹೇಳಿದ್ರೂ ಅಷ್ಟೇ ಬಿಡಪ್ಪಾ," ಎಂದಳು ಡಲ್ಸಿ. "ಮದ್ವೆ ಆದಾಗಿಂದ ಹಾಸಿಗೇಲೂ ಇದೇ ಗಲಾಟೆ."

ಡ್ರೈವರು ಒಳ್ಳೆಯ ಮನುಷ್ಯ. ಮಾತು ಕಡಿಮೆ, ಮಾತಾಡಿದರೆ ಹುಸಿ ಇಲ್ಲ. ಎದುರಿಗೆ ಬರುವ ಪ್ರತಿಯೊಂದು ಗಾಡಿಗೂ ಸ್ಟೀರಿಂಗಿನಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಮಾಡುತ್ತಾನೆ, ಅವರೂ ಎತ್ತುತ್ತಾರೆ. ನನ್ನ ಮಗಳು ಜೂಡಿತ್ ಈ ದೇಶಕ್ಕೆ ಶಿಕ್ಷಕಿಯಾಗಿ ಬಂದಾಗ ಇಂಥ ಒಬ್ಬನ ಕೈಗೆ ಸಿಕ್ಕಿದ್ದರೆ ಎಂದು ಒಂದು ಗಳಿಗೆ ಅನಿಸಿತು. ನಿನ್ನ ಅಪ್ಪನ ಬಗ್ಗೆ ಬರೆಯಬಾರದೆಂದು ನಿನಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಗಾಜಿನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಕಾಗದ ಬರೆದವರು ಅದರಲ್ಲಿ ಹಾಕಿದರೆ, ದಕ್ಷಿಣಕ್ಕೆ ಹೋಗುವ ಬಸ್ಸಿನವರಿಗೆ ಸ್ಟೀವ್ ದಾಟಿಸುತ್ತಾನಂತೆ. ಅಂಚೆಗಿಂತ ಬೇಗ. ಇದನ್ನೂ ಅದಕ್ಕೇ ಹಾಕುತ್ತೇನೆ.

ನಿನ್ನ ಅಜ್ಜಿ
ವಿನಿಫ್ರೆಡ್


ಕೂಬರ್ ಪೀಡಿ
ಶುಕ್ರವಾರ, 5 ಆಗಸ್ಟ್ 1988

ನೇದಾ,

ನಿನ್ನ ಕಾಗದ ನಿನ್ನೆ ಸಂಜೆ ಹೋಟೆಲಿನಲ್ಲಿ ಸಿಕ್ಕಿತು. ಹಿಂದಿನ ಕಾಗದದಲ್ಲಿ ಡ್ರೈವರ ಬಗ್ಗೆ ಬರೆದದ್ದನ್ನು ಹೊಡೆದುಹಾಕು.

ನೀನು ಕೇಳಿಕೊಂಡ ಹಾಗೆ ನಾನು ಬರಿಯ ಪ್ರವಾಸಿಯಾಗಿದ್ದೇನೆ. ಇವತ್ತು ಪ್ರವಾಸಿಗಳನ್ನೆಲ್ಲ ಬಿಸಿಲಿನ ಕಾಟಕ್ಕೆ ಇಲ್ಲಿಯವರು ಕಲ್ಲು ಕೊರೆದು ಮಾಡಿಕೊಳ್ಳುವ ಒಂದು ನೆಲದೊಳಗಿನ ಮನೆ ತೋರಿಸಲು ಕರೆದುಕೊಂಡು ಹೋದರು. ಅದು ಅವನದೇ ಮನೆ. ನನ್ನ ಮಗಳು ಬದುಕಿದ ಮನೆಯೊಳಕ್ಕೆ ನಾನು ಕ್ಯಾಮೆರಾ ನೇತುಹಾಕಿಕೊಂಡವರ ಸಾಲಿನಲ್ಲಿ ಕಾಲೊರೆಸಿಕೊಂಡು ಹೋದೆ. ಜೂಡಿತಳ ಹೊಲಿಗೆ ಯಂತ್ರದ ಮೇಲೆ ಮರ್ವ್ ತನ್ನ ಚಹಾದ ಲೋಟ ಇಟ್ಟ. ಡ್ರೈವರು ಬಂದು ಲೋಟ ಎತ್ತಿ ಬಟ್ಟೆಯಿಂದ ಒರೆಸಿದ.

ಕೊನೆಯಲ್ಲಿ ಒಂದು ಕೋಣೆ ಇತ್ತು. ಹಾಸಿಗೆ ಹಾಸಿದೆ, ಯಾರೂ ಮಲಗಿದ ಗುರುತಿಲ್ಲ. ಗೋಡೆಯಲ್ಲಿ ಕಿಟಕಿಯ ಆಕಾರಕ್ಕೆ ಕೊರೆದು, ಅದರೊಳಗೆ ಅರ್ಧದವರೆಗೆ ನೀಲಿ ಬಣ್ಣ ಬಳಿದಿದೆ. ಹುಚ್ಚಾಟ.

"ಹೋದ್ಸಲ ಬಂದಾಗ ಈ ಬಾಗ್ಲು ಮುಚ್ಚಿತ್ತಲ್ಲ ಸ್ಟೀವ್," ಎಂದಳು ಡಲ್ಸಿ.

"ಮುಚ್ಚಿತ್ತು. ಗಾಳಿ ಆಡ್ಲಿ ಅಂತ ಇವತ್ತು ತೆಗ್ದೆ."

"ಯಾರಿಗೆ ಕೊರ್ಸಿದ್ದು?"

"ಒಬ್ರು ಬರ್ಬೇಕಿತ್ತು. ಬರ್ಲಿಲ್ಲ."

"ಹೆಂಗಸರಾ?" ಎಂದು ಮರ್ವ್ ಕಣ್ಣು ಮಿಟುಕಿಸಿದ.

"ಹೆಂಗಸರೇ."

ಎಲ್ಲರೂ ನಕ್ಕರು. ನನ್ನ ಮೈ ಉರಿಯಿತು. ಜೂಡಿತ್ ಮಣ್ಣಿಗೆ ಹೋದ ಮೇಲೆ ಯಾವಳಿಗೋ ಕೋಣೆ ಕೊರೆಸಿಟ್ಟು ಅದನ್ನು ಊರಿಗೆಲ್ಲ ತೋರಿಸುವ ಮನುಷ್ಯ. ನೀನು ಇಂಥ ಮನೆಯಲ್ಲಿ ಬೆಳೆದೆ, ಸದ್ಯ, ಹಾಸ್ಟೆಲಿಗಾದರೂ ಹಾಕಿದ.

ಆಮೇಲೆ ಟೂರಿನಲ್ಲಿ ಇಲ್ಲದಿದ್ದರೂ ಬಸ್ಸನ್ನು ಸಮಾಧಿಗಳ ಹತ್ತಿರ ನಿಲ್ಲಿಸಿದ. ಬಿಯರ್ ಪೀಪಾಯಿ ಇಟ್ಟ ಒಂದು ತಮಾಷೆಯ ಸಮಾಧಿ ಇದೆಯಂತೆ, ಎಲ್ಲರೂ ಆ ಕಡೆ ನಡೆದರು. ನಾನು ಈ ಕಡೆ ನಡೆದೆ. ನೋಡಿದೆ. ಚೊಕ್ಕಟವಾಗಿದೆ.

ಜೂಡಿತಳ ದೇಹವನ್ನು ನನ್ನ ಊರಿಗೆ ಕಳಿಸು ಎಂದು ನಾನು ತಂತಿ ಕೊಟ್ಟಾಗ ಇವನು ಒಂದು ಅಕ್ಷರದ ಉತ್ತರ ಕೊಡಲಿಲ್ಲ. ಎರಡು ತಿಂಗಳ ಮೇಲೆ ಹತ್ತಿಯಲ್ಲಿ ಸುತ್ತಿದ ಓಪಲ್ ಎಂಬ ಇಲ್ಲಿಯ ಒಂದು ರತ್ನದ ಕಲ್ಲು ಬಂತು, ಅಷ್ಟೇ. ಮಗಳಿಗೆ ಬದಲಾಗಿ ಕಲ್ಲು. ಅದನ್ನು ಸಮಾಧಿಯ ಮೇಲೆ ಬಿಟ್ಟುಬರಬೇಕೆಂದು ಕೈಚೀಲದಲ್ಲಿ ತಂದಿದ್ದೆ. ಯಾಕೋ ಬಿಡಲಿಲ್ಲ.

ವಿ.


ಅಡಿಲೇಡ್
ಶನಿವಾರ, 6 ಆಗಸ್ಟ್ 1988

ಪ್ರೀತಿಯ ಅಜ್ಜಿ,

ನಿಮ್ಮ ಎರಡೂ ಕಾಗದ ಬಂದಿವೆ. ಇದನ್ನು ನಾನು ಮೂರು ಸಲ ಬರೆದು ಹರಿದಿದ್ದೇನೆ, ಆದ್ದರಿಂದ ಕ್ರಮ ತಪ್ಪಿದರೆ ಕ್ಷಮಿಸಿ.

ಮೊದಲು ಇದು. ನೀವು ಗ್ಲೆಂಡಾಂಬೊದಲ್ಲಿ ಕಾಗದವನ್ನು ಆ ಡಬ್ಬಿಗೆ ಹಾಕಿದಿರಿ. ಡಬ್ಬಿಯ ಕಾಗದಗಳನ್ನು ಊರೂರಿಗೆ ಬೇರೆ ಮಾಡಿ ಕಟ್ಟುವವರು ಯಾರೆಂದುಕೊಂಡಿರಿ? ಲಕೋಟೆಯ ಮೇಲೆ ನಿಮ್ಮ ಅಂದವಾದ ಅಕ್ಷರದಲ್ಲಿ "ಕುಮಾರಿ ನೇದಾ ಬಾರಿಶಿಚ್, ವಿದ್ಯಾರ್ಥಿನಿಯರ ಹಾಸ್ಟೆಲು" ಎಂದು ಬರೆದಿತ್ತು. ಹಿಂದೆ ನಿಮ್ಮ ಹೆಸರು. ಅಮ್ಮನಿಗೆ ವರ್ಷಗಟ್ಟಲೆ ಬರುತ್ತಿದ್ದ ಕಾಗದಗಳ ಅದೇ ಅಕ್ಷರ.

ನನಗೆ ತಲುಪಿದಾಗ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಮೀನು ಬರೆದಿತ್ತು. ಅಪ್ಪ ಹಾಸ್ಟೆಲಿಗೆ ಕಳಿಸುವ ಪ್ರತಿ ಪಾರ್ಸೆಲಿನ ಮೇಲೂ ಆ ಮೀನು ಇರುತ್ತದೆ. ಅವರ ಊರು ಸಮುದ್ರದ ದಡದ್ದು, ಕ್ರೊಯೇಷಿಯಾದಲ್ಲಿ. ಹೆಸರು ಬರೆಯುವ ಬದಲು ಮೀನು ಬರೆಯುತ್ತಾರೆ. ಅಂದರೆ ನೀವು ಅವರ ಮನೆಯೊಳಕ್ಕೆ ಕಾಲಿಡುವ ಮೊದಲೇ ನೀವು ಯಾರೆಂದು ಅವರಿಗೆ ಗೊತ್ತಿತ್ತು.

ಆಮೇಲೆ ಇದು. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ. ವಿಳಾಸ, ಊರಿನ ಹೆಸರು, ರಸ್ತೆಯ ಫಲಕ, ಇಷ್ಟು ಓದುತ್ತಾರೆ. ಮನೆಯಲ್ಲಿ ಬರೆಯುವುದೆಲ್ಲ ಅಮ್ಮನದು. ಅಮ್ಮ ಹೋದ ಮೇಲೆ ಬರೆಯುವವರೂ ಹೋದರು. ಇದನ್ನು ಅವರು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ನಾನು ಹೇಳಿದೆನೆಂದು ಗೊತ್ತಾದರೆ ನಾಚಿಕೊಳ್ಳುತ್ತಾರೆ.

ಆ ಕೋಣೆ ಯಾವಳಿಗೋ ಕೊರೆದದ್ದಲ್ಲ. ಅದು ನಿಮಗೆ. ನೀವು ಬಂದು ಚಳಿಗಾಲವನ್ನು ನಮ್ಮ ಜೊತೆ ಕಳೆಯಲಿ ಎಂದು ಅಮ್ಮ ಹಟ ಹಿಡಿದು ಕೊರೆಸಿದಳು. ಆಗ ಅಪ್ಪನಿಗೆ ಓಪಲ್ ಗಣಿಯಲ್ಲಿ ಕೆಲಸ, ಸಂಜೆ ಬಂದು ಕೊರೆಯುತ್ತಿದ್ದರು, ನಾನು ಮಣ್ಣು ಬಕೆಟಿನಲ್ಲಿ ಹೊರುತ್ತಿದ್ದೆ, ಅರ್ಧ ಬಕೆಟು. ಕಿಟಕಿಯಿಲ್ಲದ ಕೋಣೆಯಲ್ಲಿ ಅಜ್ಜಿಗೆ ಉಸಿರು ಕಟ್ಟುತ್ತದೆ ಎಂದು ಅಮ್ಮ ಆ ನೀಲಿ ಬಳಿದಳು. ಅದು ನಿಮ್ಮ ಊರು ವಿಟ್ಬಿಯ ಸಮುದ್ರ, ನಿಮ್ಮ ಅಡುಗೆಮನೆಯಿಂದ ಕಾಣುವಷ್ಟು. ನಿಮಗೆ ಆಶ್ಚರ್ಯವಾಗಲಿ ಎಂದು ಪೂರ್ತಿಯಾಗುವವರೆಗೆ ಬರೆಯುವುದು ಬೇಡ ಅಂದಿದ್ದಳು. ಪೂರ್ತಿಯಾಗುವ ಹೊತ್ತಿಗೆ ಕಾಯಿಲೆ ಬಿದ್ದಳು.

ಕಲ್ಲು ಆ ಗೋಡೆಯಿಂದಲೇ ಬಂದದ್ದು. ನಮ್ಮ ಬೀದಿಯ ಮನೆಗಳಲ್ಲಿ ಒಂದು ರೂಢಿ ಇದೆ. ಗಣಿಯಲ್ಲಿ ಸಿಕ್ಕಿದ ಕಲ್ಲು ಮಾರುವುದಕ್ಕೆ. ಮನೆಗೆ ಕೋಣೆ ಕೊರೆಯುವಾಗ ಗೋಡೆಯಲ್ಲಿ ಸಿಕ್ಕರೆ ಅದನ್ನು ಮಾರುವುದಿಲ್ಲ, ಆ ಕೋಣೆಯಲ್ಲಿ ಇರಬೇಕಾದವರಿಗೆ ಅದು ಸೇರುತ್ತದೆ. ಅಪ್ಪ ನಿಮ್ಮದನ್ನು ನಿಮಗೆ ಕಳಿಸಿದರು. ನಿಮಗೆ ಈ ರೂಢಿ ಗೊತ್ತಿರಬಹುದೇ ಎಂದು ಯಾರೂ ಯೋಚಿಸಲಿಲ್ಲ. ನೀವು ಅದನ್ನು ಬೆಲೆಯೆಂದುಕೊಂಡಿದ್ದೀರೆಂದು ನನಗೂ ನಿಮ್ಮ ಕಾಗದ ನೋಡುವವರೆಗೆ ಗೊತ್ತಿರಲಿಲ್ಲ.

ಇದು ಆಲಿಸ್ ಸ್ಪ್ರಿಂಗ್ಸ್ ಹೋಟೆಲಿಗೆ. ನೀವು ಏನು ಮಾಡುತ್ತೀರೋ ಎಂಬ ಹೆದರಿಕೆಯಲ್ಲೇ ಕೂತಿರುತ್ತೇನೆ.

ನಿಮ್ಮ
ನೇದಾ


ಉಲುರು
ಭಾನುವಾರ, 7 ಆಗಸ್ಟ್ 1988

ನೇದಾ,

ನಿನ್ನಿಂದ ಇನ್ನೂ ಕಾಗದವಿಲ್ಲ. ನನ್ನ ಸಿಟ್ಟಿಗೆ ಹೆದರಿ ಸುಮ್ಮನಾಗಿದ್ದೀಯೇನೋ.

ಇವತ್ತು ಬೆಳಿಗ್ಗೆ ಬಂಡೆಯ ಬುಡದಲ್ಲಿ ಎಲ್ಲರನ್ನೂ ಇಳಿಸಿದ. ಇಷ್ಟು ದೂರ ಬಂದು ಬಂಡೆಯಲ್ಲವೇ ಎಂದು ಮೂಗು ಮುರಿಯಬೇಕೆಂದಿದ್ದೆ. ಅದರ ಬುಡದಲ್ಲಿ ನಿಂತಾಗ, ಚರ್ಚಿನಲ್ಲಿ ಕೂಡ ನಾನು ಇಷ್ಟು ಸುಮ್ಮನೆ ನಿಂತವಳಲ್ಲ.

ಮರ್ವ್ ಸರಪಳಿ ಹಿಡಿದು ತುದಿಗೆ ಹತ್ತಲು ಬೂಟು ಬಿಗಿದುಕೊಂಡಿದ್ದ. ನಿನ್ನ ಅಪ್ಪ ಅಂದ, "ಹತ್ತೋದು ಬಿಡೋದು ನಿಮ್ಮಿಷ್ಟ. ಇದರ ಯಜಮಾನ್ರು ಅನಂಗು ಜನ, ಇಲ್ಲಿನ ಮೂಲ ನಿವಾಸಿಗಳು. ಅವರಿಗೆ ಯಾರೂ ಹತ್ತೋದು ಇಷ್ಟ ಇಲ್ಲ. ನಾನಂತೂ ಹತ್ತಲ್ಲ. ಕೆಳಗಿರೋರಿಗೆ ಟೀ ಮಾಡ್ತೀನಿ."

"ಯಜಮಾನ್ರು ಇಲ್ಲಿ ಯಾರೂ ಕಾಣ್ತಿಲ್ವಲ್ಲ," ಎಂದ ಮರ್ವ್.

"ನೀವು ಊರಲ್ಲಿಲ್ದಾಗ ನಿಮ್ ಕಣಜದ ಮೇಲೆ ಯಾರಾದ್ರೂ ಹತ್ತಿ ಕುಣಿದ್ರೆ?"

ಮರ್ವ್ ಬಂಡೆಯ ಕಡೆ ಕತ್ತೆತ್ತಿ ನೋಡಿದ. ಆಮೇಲೆ ಬೂಟು ಬಿಚ್ಚಿದ. "ಡಲ್ಸಿಗೆ ಮಂಡಿ ನೋವು, ಅದಕ್ಕೆ," ಎಂದ. ಡಲ್ಸಿ, "ನನ್ ಮಂಡೀನ ಯಾಕೆ ಎಳೀತೀರಿ," ಎಂದಳು.

ಚಹಾ ಕೊಟ್ಟ. ಉಳಿದವರಿಗೆ ಎಲ್ಲ ಒಟ್ಟಿಗೆ ಕುದಿಸಿದ್ದು. ನನ್ನ ಲೋಟಕ್ಕೆ ಮಾತ್ರ ಮೊದಲು ಹಾಲು ಸುರಿದು, ಆಮೇಲೆ ಡಿಕಾಕ್ಷನ್, ಸಕ್ಕರೆ ಇಲ್ಲದೆ. ನಾನು ಹಾಗೆಯೇ ಕುಡಿಯುವುದು. ನಾನು ಅವನಿಗೆ ಹೇಳಿರಲಿಲ್ಲ. ಇಷ್ಟು ವರ್ಷ ಜನರನ್ನು ಸಾಗಿಸಿ ಸಾಗಿಸಿ, ಯಾವ ಮುದುಕಿ ಹೇಗೆ ಚಹಾ ಕುಡಿಯುತ್ತಾಳೆಂದು ಮುಖ ನೋಡಿಯೇ ತಿಳಿಯುತ್ತದೆಯೇನೋ. ಕೆಲಸದಲ್ಲಿ ಜಾಣ, ಅದನ್ನು ಒಪ್ಪಿಕೊಳ್ಳುತ್ತೇನೆ.

ಅವನ ಸಮಾಧಿಯ ವಿಷಯ ಒಂದು ಬಿಟ್ಟಿದ್ದೆ. ಜೂಡಿತಳದು, ಅವನದಲ್ಲ, ನೋಡು, ಕೈ ತಪ್ಪುತ್ತಿದೆ. ಸುತ್ತ ಚಿಪ್ಪು ಜೋಡಿಸಿದ್ದಾನೆ. ಸಮುದ್ರದ ಚಿಪ್ಪು, ಕಲ್ಲಾಗಿರುವವು. ನೆಲದಡಿಯಿಂದ ತೆಗೆದದ್ದಂತೆ, ಹಿಂದೆ ಯಾವಾಗಲೋ ಅಲ್ಲಿ ಸಮುದ್ರವಿತ್ತಂತೆ. ಚೊಕ್ಕಟವಾಗಿದೆ ಎಂದಷ್ಟೇ ಬರೆದಿದ್ದೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಅಜ್ಜಿ


ಆಲಿಸ್ ಸ್ಪ್ರಿಂಗ್ಸ್
ಮಂಗಳವಾರ, 9 ಆಗಸ್ಟ್ 1988

ನನ್ನ ಮಗು ನೇದಾ,

ನಿನ್ನ ಕಾಗದ ಓದಿದೆ. ಹೋಟೆಲಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಡಲ್ಸಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಎಲ್ಲ ಹೇಳಿದೆ, ಯಾರಿಗಾದರೂ ಹೇಳಬೇಕಿತ್ತು.

"ಅಯ್ಯೋ ವಿನ್, ಈಗ್ಲೇ ಹೋಗಿ ಮಾತಾಡು. ಅಲ್ಲಿ ಟೈರು ಒದ್ದು ನೋಡ್ತಿದ್ದಾನೆ," ಎಂದಳು.

ಹೋದೆ. ಅವನು ತಿರುಗಿ ಕೈ ಒರೆಸಿಕೊಂಡ. ನಾನು ಬಾಯಿ ತೆರೆದೆ, ಬಂದದ್ದು, "ಕಿಟಕಿಯ ಗಾಜು ಅದುರುತ್ತೆ," ಎಂಬ ಮಾತು. ನಲವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದವಳು ನಾನು.

"ನೋಡ್ತೀನಮ್ಮ," ಎಂದ. ಕೈ ಒರೆಸಿದ ಬಟ್ಟೆ ಮಡಿಸುತ್ತ, "ನಿಮ್ ಸಾಲು ಇನ್ನೂ ಹಿಂದಿದೆ. ಗುರುವಾರ ನೀವು ಮುಂದೆ. ನನ್ ಹಿಂದಿನ ಸೀಟು. ದಾರಿ ಉದ್ದ ಇದೆ ಅವತ್ತು," ಎಂದ.

ಡಲ್ಸಿ ನಾಳೆಗೇ ತನ್ನ ಸೀಟು ಬಿಟ್ಟುಕೊಡುತ್ತೇನೆ ಎಂದಳು. ಬೇಡ ಎಂದೆ. ಅವನು ಕಾಯುತ್ತಿದ್ದಾನೆ, ನಾನೂ ಕಾಯಬಲ್ಲೆ. ಗುರುವಾರ ಬಸ್ಸು ಮತ್ತೆ ಕೂಬರ್ ಪೀಡಿಗೆ ಬರುತ್ತದೆ.

ಮೀನಿರುವ ಆ ಲಕೋಟೆಯನ್ನು ಎಸೆಯಬೇಡ.

ಅಜ್ಜಿ


ಕೂಬರ್ ಪೀಡಿ
ಗುರುವಾರ, 11 ಆಗಸ್ಟ್ 1988

ನೇದಾ,

ಇದು ಅಪ್ಪ. ಬರೆಯುತ್ತಿರುವುದು ನಿನ್ನ ಅಜ್ಜಿ. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ಹೇಳಿದ ಹಾಗೇ ಬರೆಯಬೇಕು ಎಂದು ಮಾತಾಗಿದೆ. ಚೆನ್ನಾಗಿ ಮಾಡಿ ಬರೆಯಬಾರದು.

ಬೆಳಿಗ್ಗೆ ಅವರು ನನ್ನ ಹಿಂದಿನ ಸೀಟಿನಲ್ಲಿ ಕೂತರು. ಎದುರು ಬರುವ ಲಾರಿಗೆ ನಾನು ಬೆರಳು ಎತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಅವರೂ ಬೆರಳು ಎತ್ತಿದ್ದಾರೆ. ನಗು ಬಂತು. ಅವರಿಗೂ ಬಂತು.

(ನಾನು ನಗಲಿಲ್ಲ. ಕೆಮ್ಮಿದೆ. ವಿ.)

ಅವರು ಕೇಳಿದರು, "ಯಾಕಪ್ಪಾ ಅವತ್ತೇ ಹೇಳ್ಲಿಲ್ಲ, ಗೊತ್ತು ಅಂತ?" ನಾನು ಅಂದೆ, "ನೀವು ಹೇಳ್ಬೋದು ಅಂತ ಕಾದೆ. ಬಾಗ್ಲು ತೆಗ್ದಿಟ್ಟೆ. ಅದಕ್ಕಿಂತ ಜಾಸ್ತಿ ನಂಗೆ ಬರಲ್ಲ." ಜೂಡಿತಳನ್ನು ಯಾಕೆ ಇಲ್ಲೇ ಮಣ್ಣು ಮಾಡಿದ್ದು ಎಂದು ಕೇಳಿದರು. ಅವಳೇ ಕೇಳಿಕೊಂಡಳು ಎಂದೆ. ನೇದಾ ಚಿಕ್ಕವಳು, ನಾನು ಅವಳಿಂದ ದೂರ ಇರಬಾರದು, ಅಮ್ಮನಿಗೆ ನೀವೇ ತಿಳಿಸಿ ಹೇಳಿ ಎಂದಿದ್ದಳು. ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಅದು ನನ್ನ ತಪ್ಪು. ಅಜ್ಜಿ ಇದನ್ನು ಬರೆಯುವುದಿಲ್ಲ ಎನ್ನುತ್ತಿದ್ದಾರೆ. ಬರೆಯಿರಿ ಎಂದೆ.

ಇಂಗ್ಲೆಂಡಿನ ವಿಷಯ ಹೇಳಿದರು. ನಿನಗೆ ಹೋಗಬೇಕೆನಿಸಿದರೆ ಹೋಗು. ನನಗೆ ಸಿಟ್ಟಿಲ್ಲ. ನಿನ್ನ ಹಾಸಿಗೆ ಎಲ್ಲಿದೆಯೋ ಅಲ್ಲೇ ಇರುತ್ತದೆ. ಕಲ್ಲಿನಲ್ಲಿ ಕೊರೆದ ಕೋಣೆ ಬೀಳುವುದಿಲ್ಲ. ನಾಳೆ ಬಸ್ಸು ತೆಗೆದುಕೊಂಡು ಅಡಿಲೇಡಿಗೆ ಬರುತ್ತೇನೆ, ಹಾಸ್ಟೆಲಿಗೂ ಬರುತ್ತೇನೆ. ಕಂಬದ ಹಿಂದೆ ಹೋಗಬೇಡ. ಆ ದಿನವೂ ನಿನ್ನ ಬೂಟು ಕಾಣುತ್ತಿತ್ತು.

ಅಪ್ಪ

ಈಗ ನನ್ನದು. ಅವನು ಹೊರಗೆ ಹೋಗಿದ್ದಾನೆ. ನಾನು ನಾಳೆ ಬಸ್ಸು ಹತ್ತುತ್ತಿಲ್ಲ. ನನ್ನ ಕೋಣೆಯಲ್ಲಿ ಉಳಿಯುತ್ತಿದ್ದೇನೆ. ಕಲ್ಲನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ಹಾಸಿಗೆಯಲ್ಲಿ ಒರಗಿದರೆ ನೀಲಿಯ ಗೆರೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಜೂಡಿತ್ ಅಳತೆ ತಪ್ಪಿದವಳಲ್ಲ.

ನಿನ್ನ ಕಾಗದಗಳನ್ನು ಮತ್ತೆ ಓದಿದೆ. ನಾನು ಕರೆದುಕೊಂಡು ಹೋಗುವುದನ್ನು ನೀನು ಬರೆದಿದ್ದೀಯ. ಅಪ್ಪನಿಗೆ ಹೇಳುತ್ತೇನೆ ಎಂದು ಬರೆದಿದ್ದೀಯ. "ನನಗೆ ಬರುವ ಆಸೆಯಿದೆ" ಎಂದು ಎಲ್ಲಿಯೂ ಬರೆದಿಲ್ಲ. ಮಕ್ಕಳ ಉತ್ತರದಲ್ಲಿ ಬಿಟ್ಟುಹೋದದ್ದನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು, ಆದರೂ ಈ ಸಲ ತಡವಾಯಿತು. ನಿಜವಾದ ಉತ್ತರ ಬರೆ. ಯಾವುದಾದರೂ ಸರಿ.

ಅಜ್ಜಿ


ಗ್ಲೆಂಡಾಂಬೊ, ಪೆಟ್ರೋಲ್ ಬಂಕಿನ ಊಟದ ಮೇಜು
ಗುರುವಾರ, 18 ಆಗಸ್ಟ್ 1988

ಪ್ರೀತಿಯ ಅಜ್ಜಿ,

ರಜೆ ಶುರುವಾಯಿತು. ನಿನ್ನೆ ಬೆಳಿಗ್ಗೆ ಅಪ್ಪನ ಬಸ್ಸು ಹತ್ತಿದೆ. ಮಗಳೆಂದು ಮುಂದಿನ ಸೀಟು ಕೊಡುತ್ತಾರೆ ಎಂದುಕೊಂಡಿದ್ದೆ. "ನಿಯಮ ಎಲ್ರಿಗೂ ಒಂದೇ. ಹಿಂದೆ ನಡಿ," ಎಂದರು. ನಿನ್ನೆ ಕಟ್ಟಕಡೆಯ ಸಾಲು, ಇವತ್ತು ಅದಕ್ಕಿಂತ ಒಂದು ಮುಂದೆ.

ನಿಮ್ಮ ಪ್ರಶ್ನೆಗೆ ಉತ್ತರ. ಈಗ ಬರುವುದಿಲ್ಲ. ಓದು ಇಲ್ಲೇ ಮುಗಿಸುತ್ತೇನೆ. ಪರೀಕ್ಷೆ ಆದ ಮೇಲೆ ವಿಟ್ಬಿಗೆ ಬರುತ್ತೇನೆ, ಅಮ್ಮ ಬಳಿದ ನೀಲಿ ನಿಮ್ಮ ಅಡುಗೆಮನೆಯ ಕಿಟಕಿಗೆ ಹೊಂದುತ್ತದೆಯೋ ನೋಡುತ್ತೇನೆ, ನೋಡಿ ಹಿಂತಿರುಗುತ್ತೇನೆ. ಅಪ್ಪನನ್ನೂ ಕರೆತರಲು ನೋಡುತ್ತೇನೆ. ಅವರಿಗೆ ಸಮುದ್ರ ನೋಡಿ ನನ್ನ ವಯಸ್ಸಿಗಿಂತ ಹೆಚ್ಚು ಕಾಲವಾಗಿದೆ. ಇದನ್ನು ಒಂದೇ ಸಲಕ್ಕೆ ಬರೆದೆ, ಒಂದು ಹಾಳೆಯನ್ನೂ ಹರಿಯಲಿಲ್ಲ.

ಸಂಜೆ ಹೊತ್ತಿಗೆ ನಾನೇ ಮನೆಯಲ್ಲಿರುತ್ತೇನೆ, ಕಾಗದ ಬೇಕಿರಲಿಲ್ಲ. ಆದರೂ ಬರೆದು ಡಬ್ಬಿಗೆ ಹಾಕುತ್ತೇನೆ ಎಂದೆ. ಅಪ್ಪ ಲಕೋಟೆ ಕೈಗೆ ತೆಗೆದುಕೊಂಡು ವಿಳಾಸವನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಶ್ರೀಮತಿ ವಿನಿಫ್ರೆಡ್ ಪಿಕರ್ಸ್‌ಗಿಲ್, ನೀಲಿ ಗೋಡೆಯ ಕೋಣೆ, ಬಾರಿಶಿಚ್ ಮನೆ, ಕೂಬರ್ ಪೀಡಿ.

"ಇದನ್ನ ದಕ್ಷಿಣದ ಬಸ್ಸಿಗೆ ಕೊಡೋ ಹಾಗಿಲ್ಲ," ಎಂದು ಅಂಗಿಯ ಜೇಬಿಗೆ ಇಟ್ಟುಕೊಂಡರು. ಈ ಸಾಲು ಸೇರಿಸಬೇಕೆಂದು ನಾನು ಮತ್ತೆ ಕೇಳಿ ತೆಗೆದುಕೊಂಡಿದ್ದೇನೆ. ಮೂಲೆಯಲ್ಲಿ ಆಗಲೇ ಮೀನು ಬರೆದಿದ್ದಾರೆ.

ನಿಮ್ಮ
ನೇದಾ